ಹಳೆಯ ಆಂಪ್ಲಿಫೈಯರ್ ಕಲಿಸುವ ಪಾಠ

(ವಿದ್ಯಾರ್ಥಿ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)





ಹಳೆಯ ವಾಲ್ವ್ ಗಿಟಾರ್ ಆಂಪ್ಲಿಫೈಯರನ್ನು ಮನೆಯಲ್ಲೇ ದುರಸ್ತಿ ಮಾಡುವುದು ಹೇಗೆ ಎಂಬ ವಿಷಯವನ್ನು ಇಂದು ಆರಿಸಿಕೊಂಡಿದ್ದೇನೆ. ಶೈಕ್ಷಣಿಕ ಸಂಘದ ಸಭೆಯಲ್ಲಿ ಇದೆಂಥ ವಿಷಯ ಎಂದು ನಿಮಗೆ ಅನಿಸಬಹುದು. ಸಂಗೀತದ ಕುರಿತ ಚರ್ಚೆ ನನ್ನ ಉದ್ದೇಶವಲ್ಲ. ಓದು ಮತ್ತು ಕೈಕೆಲಸ ಬೇರೆ ಬೇರೆಯಾದರೆ ಏನು ಅಪಾಯ ಎಂಬುದನ್ನು ಈ ಪೆಟ್ಟಿಗೆ ಚೆನ್ನಾಗಿ ತೋರಿಸುತ್ತದೆ.

ಅಮೆರಿಕದ ಕ್ಯಾಲಿಫೋರ್ನಿಯಾದ ಲಿಯೋ ಫೆಂಡರ್ ಕಾಲೇಜಿನಲ್ಲಿ ಕಲಿತದ್ದು ಲೆಕ್ಕಪತ್ರ. ಆರ್ಥಿಕ ಮುಗ್ಗಟ್ಟಿನ ಕಾಲದಲ್ಲಿ ಕೆಲಸ ಕಳೆದುಕೊಂಡ ಅವರು 1938ರಲ್ಲಿ ಫುಲ್ಲರ್ಟನ್ ಪಟ್ಟಣದಲ್ಲಿ ರೇಡಿಯೋ ರಿಪೇರಿ ಅಂಗಡಿ ತೆರೆದರು. ಇಲೆಕ್ಟ್ರಾನಿಕ್ಸನ್ನು ಅವರು ಸ್ವಂತ ಆಸಕ್ತಿಯಿಂದಲೇ ಕಲಿತರು. 1946ರಲ್ಲಿ ಅವರ ಹೆಸರಿನ ಕಂಪೆನಿ ಆರಂಭವಾಯಿತು. ಗಿಟಾರ್ ನುಡಿಸಲು ಬಾರದ ಮನುಷ್ಯನ ಆಂಪ್ಲಿಫೈಯರ್‌ಗಳು ಜಗತ್ತಿನಾದ್ಯಂತ ಹೆಸರು ಮಾಡಿದವು.

1950ರ ದಶಕದ ಕೊನೆಯ 'ಫೆಂಡರ್ ಚಾಂಪ್' ಎಂಬ ಚಿಕ್ಕ ಮಾದರಿಯನ್ನೇ ನೋಡಿ. ಅದರಲ್ಲಿರುವುದು ಮೂರೇ ವಾಲ್ವ್. ಗಿಟಾರಿನ ಕ್ಷೀಣ ಸಂಕೇತವನ್ನು ಹಿಗ್ಗಿಸಲು 12ಎಎಕ್ಸ್7, ಸ್ಪೀಕರಿಗೆ ಶಕ್ತಿ ಕೊಡಲು 6ವಿ6, ಎಸಿ ವಿದ್ಯುತ್ತನ್ನು ಡಿಸಿ ಮಾಡಲು 5ವೈ3. ಸ್ಪೀಕರಿಗೆ ಸಿಗುವ ಶಕ್ತಿ ಸುಮಾರು 5 ವಾಟ್ ಮಾತ್ರ. ಆದರೆ ಒಳಗಿನ ವೋಲ್ಟೇಜ್ 300ನ್ನೂ ಮೀರುತ್ತದೆ. ಪ್ಲಗ್ ಕಿತ್ತ ಮೇಲೂ ಫಿಲ್ಟರ್ ಕೆಪಾಸಿಟರ್‌ಗಳು ಆ ವಿದ್ಯುತ್ತನ್ನು ಹಿಡಿದಿಟ್ಟುಕೊಂಡಿರಬಹುದು. ಪ್ರಾಣ ಹೋಗಲು ಅಷ್ಟು ಸಾಕು.

ಆದ್ದರಿಂದ ಬಿಚ್ಚುವ ಮೊದಲು ಸರ್ಕ್ಯೂಟಿನ ನಕ್ಷೆ ಓದಿ. ಮೊದಲ ಸಲವಾದರೆ ಅನುಭವಿಯೊಬ್ಬರು ಜೊತೆಗಿರಲಿ. ಪ್ಲಗ್ ತೆಗೆದು, 10 ಕಿಲೋ ಓಮ್‌ನ 5 ವಾಟ್ ರೆಸಿಸ್ಟರನ್ನು ಇನ್ಸುಲೇಶನ್ ಇರುವ ಕ್ಲಿಪ್‌ಗಳ ಮೂಲಕ ಪ್ರತಿಯೊಂದು ಫಿಲ್ಟರ್ ಕೆಪಾಸಿಟರಿನ ಎರಡೂ ತುದಿಗಳಿಗೆ ಕೆಲವು ಸೆಕೆಂಡು ಜೋಡಿಸಿ. ಮಲ್ಟಿಮೀಟರ್ ಸೊನ್ನೆಯ ಹತ್ತಿರ ತೋರಿಸಿದ ಮೇಲಷ್ಟೇ ಕೈ ಹಾಕಿ. ಸ್ಕ್ರೂಡ್ರೈವರ್‌ನಿಂದ ಶಾರ್ಟ್ ಮಾಡುವ ಸಾಹಸ ಬೇಡ.

ಧ್ವನಿಯ ಜೊತೆ 'ಗುಂಯ್' ಎಂಬ ಸದ್ದು ಬಂದರೆ ಹಲವರು ಮೊದಲು ವಾಲ್ವ್ ಬದಲಿಸುತ್ತಾರೆ. ಅನೇಕ ಸಲ ಕಾರಣ ಬೇರೆಯೇ ಇರುತ್ತದೆ. ದಶಕಗಳು ಕಳೆದಂತೆ ಇಲೆಕ್ಟ್ರೊಲಿಟಿಕ್ ಕೆಪಾಸಿಟರ್‌ಗಳು ಒಳಗೆ ಒಣಗಿ ಹಾಳಾಗುತ್ತವೆ. ಹೊಸದನ್ನು ಹಾಕುವಾಗ ಪ್ಲಸ್-ಮೈನಸ್ ಅದಲುಬದಲಾಗಬಾರದು. ವೋಲ್ಟೇಜ್ ಮಿತಿ ಹಳೆಯದಕ್ಕಿಂತ ಕಡಿಮೆ ಇರಬಾರದು. ತೆಗೆದ ಭಾಗಗಳನ್ನು ಎಸೆಯದೆ ಚೀಟಿ ಅಂಟಿಸಿ ಇಟ್ಟುಕೊಳ್ಳಿ. ವಾಲ್ವ್ ನಿಜಕ್ಕೂ ಕೆಟ್ಟಿದ್ದರೆ ಚಿಂತೆ ಬೇಡ. ಸ್ಲೊವಾಕಿಯಾ, ರಷ್ಯಾ ಮತ್ತು ಚೀನಾದಲ್ಲಿ ಇಂದಿಗೂ ಅವು ತಯಾರಾಗುತ್ತವೆ.

ಹಳೆಯ ಪೆಟ್ಟಿಗೆಗಳಲ್ಲಿ ಸಾಮಾನ್ಯವಾಗಿ ಎರಡು ತಂತಿಯ ವೈರ್ ಇರುತ್ತದೆ, ಅರ್ಥಿಂಗ್ ಇರುವುದಿಲ್ಲ. ಮೂರು ತಂತಿಯ ವೈರ್ ಹಾಕಿ, ಅರ್ಥ್ ತಂತಿಯನ್ನು ಲೋಹದ ಚಾಸಿಗೆ ಭದ್ರವಾಗಿ ಬಿಗಿಯಿರಿ. ಅಮೆರಿಕದ ಪೆಟ್ಟಿಗೆ ಸುಮಾರು 117 ವೋಲ್ಟಿನದು. ನಮ್ಮ 230 ವೋಲ್ಟಿಗೆ ನೇರ ಜೋಡಿಸಿದರೆ ಸುಟ್ಟುಹೋದೀತು. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕೇ ಬೇಕು. ಅರ್ಥಿಂಗ್ ಅದರ ಮೂಲಕವೂ ಮುಂದುವರಿಯುವಂತಿರಬೇಕು.

ಮೊದಲ ಸಲ ಸ್ವಿಚ್ ಹಾಕುವಾಗ ನಮ್ಮ ಎಲೆಕ್ಟ್ರಿಷಿಯನ್‌ಗಳ 'ಸೀರೀಸ್ ಬಲ್ಬ್' ನೆನಪಿರಲಿ. ತಂತಿ ಉರಿಯುವ ಹಳೆಯ ಮಾದರಿಯ 60 ವಾಟ್ ಬಲ್ಬೇ ಆಗಬೇಕು, ಎಲ್‌ಇಡಿ ನಡೆಯದು. ಅದು ಕ್ಷಣಕಾಲ ಬೆಳಗಿ ಮಂದವಾದರೆ ಒಳ್ಳೆಯ ಲಕ್ಷಣ. ಪೂರ್ಣ ಪ್ರಕಾಶದಲ್ಲೇ ಉರಿಯುತ್ತಿದ್ದರೆ ಒಳಗೆಲ್ಲೋ ಶಾರ್ಟ್ ಇದೆ, ಕೂಡಲೇ ಆರಿಸಿ. ಸ್ಪೀಕರ್ ಜೋಡಿಸದೆ ಆಂಪ್ಲಿಫೈಯರ್ ಚಾಲೂ ಮಾಡಬೇಡಿ. ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಕೆಡಬಹುದು.

ಮಿತ್ರರೇ, ಕೆಪಾಸಿಟರಿನ ಸೂತ್ರವನ್ನು ಬಾಯಿಪಾಠ ಮಾಡಿ ಅಂಕ ಪಡೆದ ವಿದ್ಯಾರ್ಥಿ ಕೆಪಾಸಿಟರನ್ನು ಮುಟ್ಟಲು ಹೆದರುತ್ತಾನೆ. ಸೂತ್ರ ತಿಳಿಯದ ಹುಡುಗ ಹೆದರದೆ ಮುಟ್ಟಿ ಅಪಾಯಕ್ಕೆ ಸಿಲುಕುತ್ತಾನೆ. ಒಬ್ಬನಿಗೆ ಕೈ ಇಲ್ಲ, ಇನ್ನೊಬ್ಬನಿಗೆ ಓದು ಇಲ್ಲ. ಇಬ್ಬರೂ ಒಂದೇ ಮೇಜಿನ ಮುಂದೆ ಕುಳಿತರೆ ಇಬ್ಬರೂ ಕಲಿಯುತ್ತಾರೆ. ನಮ್ಮಲ್ಲಿ ಐಟಿಐ ಓದುವವರನ್ನು ಕೀಳಾಗಿ ಕಾಣುವ ರೂಢಿ ಇನ್ನೂ ಹೋಗಿಲ್ಲ. 1206ರಲ್ಲಿ ಯಂತ್ರಗಳ ಕುರಿತು ತನ್ನ ಪ್ರಸಿದ್ಧ ಗ್ರಂಥವನ್ನು ಮುಗಿಸಿದ ಅಲ್-ಜಝರಿ ವಿದ್ವಾಂಸನೂ ಹೌದು, ಕುಶಲಕರ್ಮಿಯೂ ಹೌದು. ಯಂತ್ರಗಳನ್ನು ಕಟ್ಟುವ ಬಗೆಯನ್ನು ಆತ ಚಿತ್ರಗಳ ಸಹಿತ ವಿವರಿಸಿದ್ದಾನೆ. ಆ ಪರಂಪರೆಯನ್ನು ಹೊಗಳಿದರಷ್ಟೇ ಸಾಲದು.

ನಿಮ್ಮ ಮನೆಯ ಅಟ್ಟದಲ್ಲೂ ಹಳೆಯ ರೇಡಿಯೋ ಒಂದು ಇರಬಹುದು. ಗುಜರಿಗೆ ಹಾಕುವ ಮೊದಲು ಅದರ ನಕ್ಷೆ ಹುಡುಕಿ ಓದಿ. ಉಪಯುಕ್ತವಾದ ಜ್ಞಾನವನ್ನೂ ಅದನ್ನು ಬಳಸುವ ವಿವೇಕವನ್ನೂ ಅಲ್ಲಾಹನು ನಮಗೆಲ್ಲ ಕರುಣಿಸಲಿ, ಆಮೀನ್.