ಉಪ್ಪಿನಕಾಯಿ ಚೆಂಡು ಮತ್ತು ನಮ್ಮ ಶಾದಿ ಮಹಲ್
(ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ನನಗೆ ಕೊಟ್ಟಿರುವ ವಿಷಯ ‘ಶಿಕ್ಷಣ ಮತ್ತು ಆರೋಗ್ಯ’. ಈ ವಿಷಯದ ಮೇಲೆ ಇದೇ ವೇದಿಕೆಯಲ್ಲಿ ಡಾಕ್ಟರುಗಳು ಮಾತನಾಡಿದ್ದಾರೆ, ನೀವೂ ತಾಳ್ಮೆಯಿಂದ ಕೇಳಿದ್ದೀರಿ. ನಾನು ಉರ್ದು ಮತ್ತು ಕನ್ನಡ ಕಲಿಸುವ ಟೀಚರ್, ಡಾಕ್ಟರಲ್ಲ. ಆದುದರಿಂದ ನಾನು ಕಲಿತ ಒಂದೇ ಒಂದು ಆಟದ ಬಗ್ಗೆ ಹೇಳಿ, ಕೊನೆಯಲ್ಲಿ ಸಂಘದವರ ಮುಂದೆ ಒಂದು ಬೇಡಿಕೆ ಇಡುತ್ತೇನೆ.

ಆಟದ ಹೆಸರು ಪಿಕಲ್‌ಬಾಲ್. ತರಗತಿಯಲ್ಲಿ ಈ ಹೆಸರು ಹೇಳಿದ ಕೂಡಲೇ ಒಬ್ಬ ಹುಡುಗಿ “ಅಚಾರ್ ಕಾ ಗೇಂದ್” ಎಂದಳು. ಗೇಂದ್ ಸ್ತ್ರೀಲಿಂಗ, ಆದುದರಿಂದ ‘ಅಚಾರ್ ಕೀ ಗೇಂದ್’ ಎಂದು ತಿದ್ದಿದೆ. ಉರ್ದು ಟೀಚರುಗಳ ಚಾಳಿ, ಕ್ಷಮಿಸಿ. ಆದರೆ ಈ ಆಟಕ್ಕೂ ಉಪ್ಪಿನಕಾಯಿಗೂ ಸಂಬಂಧವಿಲ್ಲ. 1965ರ ಬೇಸಿಗೆಯಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದ ಬೈನ್‌ಬ್ರಿಜ್ ಎಂಬ ದ್ವೀಪದಲ್ಲಿ ಜೋಯಲ್ ಪ್ರಿಚರ್ಡ್ ಮತ್ತು ಬಿಲ್ ಬೆಲ್ ಎಂಬ ಇಬ್ಬರು ಸ್ನೇಹಿತರ ಮನೆಯವರು ರಜೆಯಲ್ಲಿ ಸೇರಿದ್ದರು. ಮಕ್ಕಳಿಗೆ ಬೇಸರ. ಮನೆಯ ಬಳಿ ಶಟಲ್ ಆಡುವ ಹಳೆಯ ಅಂಗಳವಿತ್ತು, ಆದರೆ ಆಡುವ ಸಾಮಾನು ಪೂರ್ತಿ ಸಿಗಲಿಲ್ಲ. ಕೈಗೆ ಸಿಕ್ಕಿದ ಟೇಬಲ್ ಟೆನಿಸ್ ಬ್ಯಾಟು, ತೂತುಗಳಿರುವ ಒಂದು ಪ್ಲಾಸ್ಟಿಕ್ ಚೆಂಡು, ಇಷ್ಟರಿಂದಲೇ ಆಟ ಶುರುವಾಯಿತು. ಚೆಂಡು ನೆಲಕ್ಕೆ ಬಿದ್ದು ಚೆನ್ನಾಗಿ ಪುಟಿಯುವುದನ್ನು ಕಂಡು ಬಲೆಯನ್ನು ಕೆಳಗಿಳಿಸಿದರು. ನಂತರ ಬಾರ್ನಿ ಮೆಕ್ಯಾಲಮ್ ಎಂಬ ಮೂರನೆಯ ಸ್ನೇಹಿತರು ಬಂದು ಪ್ಲೈವುಡ್ ಕತ್ತರಿಸಿ ಗಟ್ಟಿ ಬ್ಯಾಟುಗಳನ್ನು ಮಾಡಿದರು. ಹೆಸರಿಟ್ಟವರು ಪ್ರಿಚರ್ಡ್ ಅವರ ಪತ್ನಿ ಜೋನ್. ದೋಣಿ ಸ್ಪರ್ಧೆಗಳಲ್ಲಿ ಯಾವ ತಂಡಕ್ಕೂ ಆಯ್ಕೆಯಾಗದೆ ಉಳಿದ ಹುಟ್ಟುಗಾರರನ್ನೆಲ್ಲ ಸೇರಿಸಿ ಒಂದು ದೋಣಿ ಹೊರಡಿಸುತ್ತಾರಂತೆ, ಅದಕ್ಕೆ ಪಿಕಲ್ ದೋಣಿ ಎನ್ನುತ್ತಾರೆ. ಬೇರೆ ಬೇರೆ ಆಟಗಳ ಚೂರುಗಳನ್ನು ಸೇರಿಸಿ ಮಾಡಿದ ಆಟಕ್ಕೂ ಅದೇ ಹೆಸರು ನಿಂತಿತು. ಅವರ ಮನೆಯ ನಾಯಿಯಿಂದ ಹೆಸರು ಬಂತೆಂಬ ಇನ್ನೊಂದು ಕಥೆಯೂ ಇದೆ. ನನಗೆ ಮಾತ್ರ ದೋಣಿಯ ಕಥೆಯೇ ಇಷ್ಟ, ಏಕೆಂದರೆ ನಾನು ಆಡಲು ಹೋದ ಜಾಗದಲ್ಲಿ ಸೇರಿದ್ದವರೆಲ್ಲ ಯಾವ ತಂಡಕ್ಕೂ ಆಯ್ಕೆಯಾಗದವರೇ.

ನಮ್ಮ ದೇಶದಲ್ಲಿ ಈ ಆಟವನ್ನು ನೆಲೆಗೊಳಿಸಿದವರು ಮುಂಬಯಿಯ ಸುನಿಲ್ ವಾಲವಲ್ಕರ್. 2008ರಲ್ಲಿ ಅವರು ಅಖಿಲ ಭಾರತ ಸಂಘವೊಂದನ್ನು ಕಟ್ಟಿದರು. ಬಹಳ ವರ್ಷ ಯಾರೂ ಅಷ್ಟಾಗಿ ಗಮನಿಸಲಿಲ್ಲ. ಕೋವಿಡ್ ಕಾಲ ಕಳೆದ ಮೇಲೆ ಬೆಂಗಳೂರಿನಲ್ಲಿ ಕಾರು ನಿಲ್ಲಿಸುವ ಜಾಗದಲ್ಲೂ ಮಹಡಿಯ ಮೇಲೂ ಇದರ ಅಂಗಳಗಳು ಎದ್ದವು, ಮೈಸೂರಿಗೂ ಬಂತು. 2025ರಲ್ಲಿ ಕೇಂದ್ರ ಕ್ರೀಡಾ ಸಚಿವಾಲಯವು ಭಾರತೀಯ ಪಿಕಲ್‌ಬಾಲ್ ಸಂಘಕ್ಕೆ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ ಮಾನ್ಯತೆ ಕೊಟ್ಟಿತು. ಅಲ್ಲಿ ಗಂಟೆಗಿಷ್ಟು ಎಂದು ಬಾಡಿಗೆ ಪಡೆಯುತ್ತಾರೆ. ಆದುದರಿಂದಲೇ ಇದು ದುಡ್ಡಿರುವವರ ಆಟವೆಂಬ ಮಾತು ಹುಟ್ಟಿದೆ. ಆ ಮಾತು ಸರಿಯಲ್ಲವೆಂದು ತೋರಿಸುವುದೇ ನನ್ನ ಉದ್ದೇಶ.

ನಂಜನಗೂಡಿನಲ್ಲಿ ನಾವಿರುವ ಬಡಾವಣೆಯಲ್ಲಿ ಒಂದು ಹಳೆಯ ಶಟಲ್ ಅಂಗಳವಿದೆ. ಗಾಳಿ ಬೀಸುವ ತಿಂಗಳುಗಳಲ್ಲಿ ಶಟಲ್ ಕಾಕ್ ಎತ್ತಲೋ ಹಾರುತ್ತದೆ, ಆದ್ದರಿಂದ ಅಂಗಳದಲ್ಲಿ ರಾಗಿ ಒಣಗುತ್ತಿತ್ತು. ಕೈಗಾರಿಕಾ ಪ್ರದೇಶದ ಕಾರ್ಖಾನೆಯಲ್ಲಿ ಕೆಲಸ ಮಾಡುವ ಇಬ್ಬರು ಯುವಕರು, ಬ್ಯಾಂಕಿನಿಂದ ನಿವೃತ್ತರಾದ ಒಬ್ಬ ಹಿರಿಯರು ಮತ್ತು ಅವರ ಶ್ರೀಮತಿಯವರು ಸೇರಿ ಅಲ್ಲಿ ಈ ಆಟ ಆರಂಭಿಸಿದರು. ಅದಕ್ಕೆ ಅವರು ಕ್ಲಬ್ ಎನ್ನುತ್ತಾರೆ. ಕ್ಲಬ್ ಎಂದರೆ ಒಂದು ವಾಟ್ಸಾಪ್ ಗುಂಪು, ಒಂದು ಬಲೆ, ತಿಂಗಳಿಗೆ ಐವತ್ತು ರೂಪಾಯಿ ಚಂದಾ, ಇಷ್ಟೇ. ಬೆಳಿಗ್ಗೆ ಗಂಡಸರು, ಸಂಜೆ ಅಸರ್ ನಮಾಜಿನ ನಂತರ ಕತ್ತಲಾಗುವವರೆಗೆ ಹೆಂಗಸರು ಮತ್ತು ಮಕ್ಕಳು. ನಾನು ಸೇರಿದ್ದು ಸಂಜೆಯ ಗುಂಪಿಗೆ.

ಈಗ ನೀವು ಗಮನಿಸಬೇಕಾದ ಸಂಗತಿ. ಪಿಕಲ್‌ಬಾಲ್ ಅಂಗಳದ ಉದ್ದ 44 ಅಡಿ, ಅಗಲ 20 ಅಡಿ. ಶಟಲ್ ಡಬಲ್ಸ್ ಅಂಗಳದ ಅಳತೆಯೂ ಇದೇ. ಹೊರಗಿನ ಗೆರೆಗಳನ್ನು ಮುಟ್ಟಬೇಕಾಗಿಲ್ಲ. ಶಟಲ್ ಅಂಗಳದಲ್ಲಿ ಬಲೆಯಿಂದ ಆರೂವರೆ ಅಡಿ ದೂರಕ್ಕೆ ಒಂದು ಗೆರೆ ಇರುತ್ತದೆ, ಈ ಆಟಕ್ಕೆ ಅದು ಏಳು ಅಡಿಗೆ ಬೇಕು. ಅರ್ಧ ಅಡಿ ಹಿಂದೆ ಸೀಮೆಸುಣ್ಣದಿಂದ ಹೊಸ ಗೆರೆ ಎಳೆದರೆ ಆಯಿತು. ಐದು ಅಡಿ ಎತ್ತರದ ಬಲೆಯನ್ನು ಇಳಿಸಿ ಅಂಚಿನಲ್ಲಿ 36 ಅಂಗುಲ, ನಡುವೆ 34 ಅಂಗುಲಕ್ಕೆ ಕಟ್ಟಬೇಕು. ಬ್ಯಾಟಿನ ಉದ್ದ 17 ಅಂಗುಲ ಮೀರಬಾರದು, ಉದ್ದ ಅಗಲ ಸೇರಿ 24 ಅಂಗುಲ ಮೀರಬಾರದು. ನಮ್ಮ ಮೊಹಲ್ಲಾದ ಬಡಗಿಯವರಿಗೆ ಈ ಅಳತೆ ಬರೆದುಕೊಟ್ಟೆ. ಬಾಗಿಲು ಮಾಡಿ ಉಳಿದಿದ್ದ ಪ್ಲೈವುಡ್‌ನಲ್ಲಿ ಒಂದೇ ಮಧ್ಯಾಹ್ನ ಆರು ಬ್ಯಾಟು ಕತ್ತರಿಸಿ, ಹಿಡಿಗೆ ಸೈಕಲ್ ಟ್ಯೂಬ್ ಸುತ್ತಿಕೊಟ್ಟರು. ಮೆಕ್ಯಾಲಮ್ ಮಾಡಿದ್ದೂ ಇದನ್ನೇ ತಾನೆ? ಅಂಗಡಿಯ ಬ್ಯಾಟಿಗಿಂತ ತೂಕ ಹೆಚ್ಚು, ಸದ್ದೂ ಹೆಚ್ಚು. ಕಲಿಯುವವರಿಗೆ ಸಾಕು.

ಕಲಿಯುವುದು ಹೇಗೆಂದು ಹೇಳುತ್ತೇನೆ. ಚೆಂಡನ್ನು ಸೊಂಟದ ಮಟ್ಟಕ್ಕಿಂತ ಕೆಳಗಿನಿಂದ ಹೊಡೆದು, ಎದುರಿನ ಓರೆ ಭಾಗಕ್ಕೆ ಸರ್ವ್ ಮಾಡಬೇಕು. ಎದುರಿನವರು ಅದನ್ನು ಒಮ್ಮೆ ನೆಲಕ್ಕೆ ಬೀಳಗೊಟ್ಟೇ ಹೊಡೆಯಬೇಕು. ಅವರು ಹೊಡೆದದ್ದನ್ನು ಸರ್ವ್ ಮಾಡಿದವರೂ ಒಮ್ಮೆ ಬೀಳಗೊಡಬೇಕು. ಅನಂತರವೇ ಗಾಳಿಯಲ್ಲಿ ಹೊಡೆಯಲು ಅನುಮತಿ. ಈ ಒಂದು ನಿಯಮವೇ ಆಟದ ಜೀವಾಳ. ಬಲವಾದ ಕೈಯವನು ಸರ್ವ್ ಮಾಡಿ ಮುಂದೆ ನುಗ್ಗಿ ಒಂದೇ ಏಟಿಗೆ ಮುಗಿಸಿಬಿಡುವಂತಿಲ್ಲ. ಕ್ರಿಕೆಟ್ ಆಡುವ ನಮ್ಮ ಹುಡುಗರಿಗೆ ಇದೇ ಕಷ್ಟ. ಮೊದಲ ವಾರ ಅವರು ಹೊಡೆದ ಚೆಂಡುಗಳೆಲ್ಲ ಕಾಂಪೌಂಡ್ ಆಚೆ. ಸರ್ವ್ ಮಾಡಿದ ಕೂಡಲೇ ಎಲ್ಲರ ಕಾಲೂ ತಾನಾಗಿಯೇ ಮುಂದೆ ಓಡುತ್ತದೆ. ಬ್ಯಾಂಕಿನ ಹಿರಿಯರ ಶ್ರೀಮತಿಯವರು ಪಕ್ಕದಲ್ಲಿ ನಿಂತು “ನಿಲ್ಲಿ, ಬೀಳಲಿ” ಎಂದು ಕೂಗುತ್ತಾರೆ. ಆ ಕೂಗು ಇಲ್ಲದೆಯೂ ಕಾಲು ನಿಲ್ಲುವಂತಾಗಲು ನನಗೆ ಮೂರು ವಾರ ಹಿಡಿಯಿತು.

ಬಲೆಯಿಂದ ಏಳು ಅಡಿಯ ಆ ಜಾಗಕ್ಕೆ ಕಿಚನ್ ಎಂದು ಹೆಸರು. ಅಲ್ಲಿ ನಿಂತು ಗಾಳಿಯಲ್ಲಿರುವ ಚೆಂಡನ್ನು ಹೊಡೆದರೆ ಫೌಲು. ಚೆಂಡು ನೆಲಕ್ಕೆ ಬಿದ್ದ ಮೇಲೆ ಒಳಗೆ ಹೋಗಿ ಹೊಡೆಯಬಹುದು, ಮತ್ತೆ ಗಾಳಿಯಲ್ಲಿ ಹೊಡೆಯಬೇಕಾದರೆ ಹೊರಗೆ ಬರಬೇಕು. ‘ಅಡುಗೆಮನೆಯಿಂದ ದೂರ ನಿಲ್ಲಿ’ ಎಂದು ನಮ್ಮ ಹೆಂಗಸರಿಗೆ ಹೇಳಿದ ಮೊದಲ ನಿಯಮ ಪ್ರಪಂಚದಲ್ಲಿ ಇದೊಂದೇ ಇರಬೇಕು! ಎಷ್ಟು ನಕ್ಕೆವೆಂದರೆ ಅಂದು ಆಟವೇ ನಡೆಯಲಿಲ್ಲ.

ಸಾಮಾನ್ಯವಾಗಿ ಆಟ 11 ಅಂಕಕ್ಕೆ, ಎರಡು ಅಂಕದ ಅಂತರದಿಂದ ಗೆಲ್ಲಬೇಕು. ನಾವು ಆಡುವ ಹಳೆಯ ಪದ್ಧತಿಯಲ್ಲಿ ಸರ್ವ್ ಮಾಡುವವರಿಗೆ ಮಾತ್ರ ಅಂಕ. ಡಬಲ್ಸ್‌ನಲ್ಲಿ ಪ್ರತಿ ಸರ್ವ್‌ಗೆ ಮುಂಚೆ ಮೂರು ಸಂಖ್ಯೆ ಕೂಗಬೇಕು: ನಮ್ಮ ಅಂಕ, ಅವರ ಅಂಕ, ಸರ್ವ್ ಮಾಡುವವರು ಮೊದಲನೆಯವರೋ ಎರಡನೆಯವರೋ ಎಂಬುದು. ನಮ್ಮ ಗುಂಪಿನಲ್ಲಿ ಅರವತ್ತು ದಾಟಿದ ಒಬ್ಬ ಖಾಲಾ ಇದ್ದಾರೆ. ಶಾಲೆಯ ಮುಖ ಕಂಡವರಲ್ಲ. “ಚಾರ್, ದೋ, ಏಕ್” ಎಂದು ಅವರು ಕೂಗಿದರೆ ಪಕ್ಕದ ಮನೆಯ ಕಿಟಕಿಗಳು ತೆರೆಯುತ್ತವೆ. ಎದುರಿನವರು ಲೆಕ್ಕ ತಪ್ಪಿಸಿದರೆ ಬಿಡುವವರಲ್ಲ. ಅವರ ಜೊತೆಗಾರ್ತಿ ಅವರ ಸೊಸೆ. ಎಂಟನೆಯ ತರಗತಿಯಿಂದ ಹತ್ತರವರೆಗೆ ಆಕೆ ನನ್ನ ವಿದ್ಯಾರ್ಥಿನಿ, ತಾಲ್ಲೂಕು ಮಟ್ಟದಲ್ಲಿ ಥ್ರೋಬಾಲ್ ಆಡಿದವಳು. ಎಸ್‌ಎಸ್‌ಎಲ್‌ಸಿ ಮುಗಿದ ಮೇಲೆ ಏಳು ವರ್ಷ ಆಕೆ ಓಡಿದ್ದೇ ಇಲ್ಲ. ಬಸ್ಸು ಹಿಡಿಯಲು ಸಹ ಓಡಲಿಲ್ಲ ಎಂದು ಆಕೆಯೇ ಹೇಳಿದಳು.

ಹಿರಿಯರೇ, ನಾನು ಹೇಳಬೇಕಾದ ಮುಖ್ಯ ವಿಷಯ ಇಲ್ಲಿದೆ. ನಮ್ಮ ಹೆಣ್ಣುಮಕ್ಕಳಿಗೆ ಆಟ ಬರುವುದಿಲ್ಲ ಎಂಬುದು ಸುಳ್ಳು. ಶಾಲೆಯಲ್ಲಿ ಕೊಕ್ಕೊ, ಥ್ರೋಬಾಲ್, ಬಾಲ್ ಬ್ಯಾಡ್ಮಿಂಟನ್ ಎಲ್ಲವನ್ನೂ ಆಡುತ್ತಾರೆ, ಕಪ್ಪು ತರುತ್ತಾರೆ, ನೀವೇ ಇದೇ ವೇದಿಕೆಯ ಮೇಲೆ ಶಾಲು ಹೊದಿಸುತ್ತೀರಿ. ಹದಿನಾರಕ್ಕೆ ಅದು ನಿಲ್ಲುತ್ತದೆ. ಮತ್ತೆ ಮೂವತ್ತೈದಕ್ಕೆ ಡಾಕ್ಟರು “ಸಕ್ಕರೆ ಇದೆ, ವಾಕಿಂಗ್ ಮಾಡಿ” ಎಂದು ಚೀಟಿಯಲ್ಲಿ ಬರೆದುಕೊಡುತ್ತಾರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವು ದೇಶದಲ್ಲಿ ಸುಮಾರು 10 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ, ಇನ್ನೂ ಸುಮಾರು 13 ಕೋಟಿ 60 ಲಕ್ಷ ಜನ ಅದರ ಹೊಸ್ತಿಲಲ್ಲಿದ್ದಾರೆ ಎಂದು ಅಂದಾಜು ಮಾಡಿತು. ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷ, ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈ ದಣಿಯಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮನೆಗೆಲಸವೇ ಸಾಕಲ್ಲ ಎಂದು ಕೆಲವರು ಹೇಳುತ್ತಾರೆ. ಹೇಳುವವರು ಹೆಚ್ಚಾಗಿ ಮನೆಗೆಲಸ ಮಾಡದವರು.

ಹಾಗಾದರೆ ಬಾಲ್ ಬ್ಯಾಡ್ಮಿಂಟನ್ನೇ ಆಡಬಹುದಲ್ಲ, ಅದು ನಮ್ಮ ಕಡೆಯ ಆಟ, ಎಂದು ದೈಹಿಕ ಶಿಕ್ಷಕರೊಬ್ಬರು ಕೇಳಿದರು. ಆಡಬಹುದು, ನನಗೂ ಇಷ್ಟ. ಆದರೆ ಅದಕ್ಕೆ 24 ಮೀಟರ್ ಉದ್ದ, 12 ಮೀಟರ್ ಅಗಲದ ಅಂಗಳ ಬೇಕು, ಕಡೆಗೆ ಐವರಂತೆ ಹತ್ತು ಜನ ಬೇಕು. ಹತ್ತು ಮನೆಗಳ ಹೆಂಗಸರನ್ನು ಒಂದೇ ವೇಳೆಗೆ ಹೊರಡಿಸುವುದು ಚುನಾವಣೆ ನಡೆಸಿದಷ್ಟು ಕೆಲಸ. ಇದಕ್ಕೆ ನಾಲ್ವರು ಸಾಕು. ಒಬ್ಬರ ಮನೆಗೆ ನೆಂಟರು ಬಂದರೆ ಮೂವರಾದರೂ ಹೊಡೆದಾಡಿಕೊಳ್ಳಬಹುದು.

ಈಗ ಬೇಡಿಕೆ. ನನ್ನ ತವರು ಟಿ. ನರಸೀಪುರ. ನಂಜನಗೂಡಿನ ಕಪಿಲೆ ಅಲ್ಲಿಗೆ ಹೋಗಿ ಕಾವೇರಿಯನ್ನು ಸೇರುವ ಹಾಗೆ ನಾನೂ ಭಾನುವಾರದ ಬಸ್ಸಿನಲ್ಲಿ ಹೋಗಿ ಸೇರುತ್ತೇನೆ. ಅಲ್ಲಿ ನಮ್ಮವರ ಬಡಾವಣೆಯಲ್ಲಿ ಖಾಲಿ ಅಂಗಳವಿಲ್ಲ. ಇದ್ದರೂ ರಸ್ತೆಗೆ ಕಾಣುವಂತಿದ್ದರೆ ತಾಯಂದಿರು ಬರುವುದಿಲ್ಲ. ಅದನ್ನು ನಾನು ತಪ್ಪೆನ್ನುವುದಿಲ್ಲ. ಆದರೆ ಶಾದಿ ಮಹಲ್ ಇದೆ. ಮದುವೆ ಇಲ್ಲದ ದಿನ ಅದಕ್ಕೆ ಬೀಗ. ಅದರ ಹಿಂಭಾಗದ ಊಟದ ಹಾಲನ್ನು ಟೇಪು ಹಿಡಿದು ಅಳೆದಿದ್ದೇನೆ, 62 ಅಡಿಗೆ 31 ಅಡಿ. ಈ ಆಟಕ್ಕೆ ಸುತ್ತಲಿನ ಜಾಗವೂ ಸೇರಿ 60ಕ್ಕೆ 30 ಇದ್ದರೆ ಸಾಕು. ಮುಂದಿನ ಹಾಲಿನ ನೆಲ ನಯವಾದ ಗ್ರಾನೈಟು, ಅಲ್ಲಿ ಆಡಿದರೆ ಜಾರಿ ಬೀಳುತ್ತಾರೆ, ಅದನ್ನು ನಾನು ಕೇಳುತ್ತಿಲ್ಲ. ಹಿಂದಿನದು ಒರಟು ಸಿಮೆಂಟು. ನಾಲ್ಕು ಕಡೆ ಗೋಡೆ ಇದೆ, ಮೇಲೆ ಶೀಟು ಇದೆ.

“ಮದುವೆ ಮನೆಯಲ್ಲಿ ಆಟವೇ?” ಎಂದು ಸಮಿತಿಯಲ್ಲಿ ಒಬ್ಬರು ಕೇಳಿದರಂತೆ. ಬೆಂಗಳೂರಿನ ಮಲ್ಲೇಶ್ವರದ ಕೆನರಾ ಯೂನಿಯನ್ ಸಭಾಂಗಣವೂ ಮದುವೆಗಳಿಗೆ ಕೊಡುತ್ತಿದ್ದ ಹಾಲೇ. ಮೈಸೂರು ಬ್ಯಾಡ್ಮಿಂಟನ್ ಸಂಸ್ಥೆಯ ಕಾರ್ಯದರ್ಶಿಯಾಗಿದ್ದ ರಮೇಶ್ ಪಡುಕೋಣೆಯವರು ತಮ್ಮ ಮಗನನ್ನು ಅಲ್ಲಿಗೆ ಕರೆದುಕೊಂಡು ಹೋಗುತ್ತಿದ್ದರು. ಮದುವೆ ಇದ್ದ ದಿನ ಆಟವಿಲ್ಲ, ಇಲ್ಲದ ದಿನ ಅಭ್ಯಾಸ. ಆ ಹುಡುಗ ಪ್ರಕಾಶ್ ಪಡುಕೋಣೆ, 1980ರಲ್ಲಿ ಆಲ್ ಇಂಗ್ಲೆಂಡ್ ಪ್ರಶಸ್ತಿ ಗೆದ್ದ ಮೊದಲ ಭಾರತೀಯ. ನಮ್ಮ ಖಾಲಾ ಪ್ರಶಸ್ತಿ ಗೆಲ್ಲುತ್ತಾರೆಂದು ನಾನು ಹೇಳುತ್ತಿಲ್ಲ. ಮದುವೆಯ ಹಾಲಿಗೆ ಇದರಿಂದ ಅಗೌರವ ಆಗಲಿಲ್ಲ ಎಂದಷ್ಟೇ ಹೇಳುತ್ತಿದ್ದೇನೆ.

ಅರ್ಜಿ ಕೊಟ್ಟು ಎಂಟು ತಿಂಗಳಾಯಿತು. ಉತ್ತರ “ನೋಡೋಣ” ಎಂದಿದೆ. ನೋಡುವುದಾದರೆ ಬಂದೇ ನೋಡಿ ಎಂದು ಸಮಿತಿಯವರಲ್ಲಿ ವಿನಂತಿಸುತ್ತೇನೆ. ವಾರಕ್ಕೆ ಮೂರು ದಿನ, ಮದುವೆ ಇಲ್ಲದ ದಿನಗಳಲ್ಲಿ ಮಾತ್ರ, ಸಂಜೆ ನಾಲ್ಕೂವರೆಯಿಂದ ಆರು. ಗುಡಿಸುವುದು ನಮ್ಮ ಜವಾಬ್ದಾರಿ, ದೀಪದ ಖರ್ಚು ಚಂದಾದಿಂದ. ಬೀಗದ ಕೈಯನ್ನು ಇಬ್ಬರು ಹಿರಿಯ ತಾಯಂದಿರ ಹತ್ತಿರ ಇಡೋಣ. ಗಂಡುಮಕ್ಕಳಿಗೆ ಬೇರೆ ವೇಳೆ ಗೊತ್ತು ಮಾಡಿ, ಅವರಿಗೂ ಮೊಬೈಲ್ ಬಿಟ್ಟು ಕೈಯಲ್ಲಿ ಹಿಡಿಯಲು ಏನಾದರೂ ಬೇಕು.

ಬಲೆ ಒಂದಿದೆ, ಪ್ಲೈವುಡ್ ಬ್ಯಾಟು ಆರಿವೆ, ಗೆರೆ ಎಳೆಯಲು ಅರ್ಧ ಗಂಟೆ ಸಾಕು. ಸಭೆ ಮುಗಿದ ಮೇಲೆ ಪುಸ್ತಕದ ಮೇಜಿನ ಬಳಿ ಹೆಸರು ಬರೆಸಿಕೊಳ್ಳುತ್ತೇನೆ, ನರಸೀಪುರದವರು ಒಂದು ಪುಟ, ನಂಜನಗೂಡಿನವರು ಇನ್ನೊಂದು ಪುಟ. ಚಪ್ಪಲಿಯಲ್ಲಿ ಆಡಲು ಬಿಡುವುದಿಲ್ಲ, ಕ್ಯಾನ್ವಾಸ್ ಶೂ ಇದ್ದರೆ ತನ್ನಿ. ದುಪಟ್ಟಾಗೆ ಎರಡು ಪಿನ್ನು ಹಾಕಿ. ತಲೆಯ ಮೇಲೆ ಹೋದ ಚೆಂಡಿಗೆ ಹಿಮ್ಮುಖವಾಗಿ ಓಡಬೇಡಿ, ತಿರುಗಿ ಓಡಿ. ಹಿಂದಕ್ಕೆ ಓಡಿ ಬಿದ್ದರೆ ಕೈ ಮುರಿಯಬಹುದು.