ಅಗ್ಗದ ತಟ್ಟೆಯಲ್ಲಿ ಒಂದು ರಾತ್ರಿ



ಪಂಪನನ್ನೂ ಕುಮಾರವ್ಯಾಸನನ್ನೂ ಪಾಠ ಹೇಳುತ್ತ ಮೂರು ದಶಕಗಳನ್ನು ಕಳೆದವನು, ಹೆಣಗಳು ಎದ್ದು ನಡೆಯುವ ಅಮೆರಿಕದ ಚಲನಚಿತ್ರವೊಂದರ ಬಗೆಗೆ ಮಾತನಾಡಲು ಹೊರಟಿರುವುದು ನಿಮ್ಮಲ್ಲಿ ಕೆಲವರಿಗೆ ಸೋಜಿಗವೆನಿಸಬಹುದು. ಒಂದು ಕೃತಿ, ಅದರ ಕೆಟ್ಟ ಪ್ರತಿ, ಅದರ ಶುದ್ಧಪ್ರತಿ: ಇದು ನನ್ನ ಇಂದಿನ ವಿಷಯ. ಹಾಗೆ ನೋಡಿದರೆ ನನ್ನ ಕಸುಬಿನಿಂದ ನಾನು ಬಹು ದೂರವೇನೂ ಹೋಗಿಲ್ಲ.

ಚಿತ್ರದ ಹೆಸರು ‘ನೈಟ್ ಆಫ್ ದಿ ಲಿವಿಂಗ್ ಡೆಡ್’. ಜಾರ್ಜ್ ರೊಮೆರೊ ಎಂಬ ತರುಣ ತನ್ನ ಗೆಳೆಯರನ್ನು ಕೂಡಿಕೊಂಡು ಪೆನ್ಸಿಲ್ವೇನಿಯಾದ ಇವಾನ್ಸ್ ಸಿಟಿಯ ಆಸುಪಾಸಿನಲ್ಲಿ, ಸುಮಾರು 1,14,000 ಡಾಲರುಗಳ ಅಲ್ಪ ಬಂಡವಾಳದಲ್ಲಿ ತೆಗೆದ ಕಪ್ಪು-ಬಿಳುಪು ಚಿತ್ರವಿದು. 1968ರ ಅಕ್ಟೋಬರ್ 1ರಂದು ಪಿಟ್ಸ್‌ಬರ್ಗಿನಲ್ಲಿ ಮೊದಲು ತೆರೆ ಕಂಡಿತು. ಹಳ್ಳಿಮನೆಯೊಂದರಲ್ಲಿ ಏಳು ಜನ ಸಿಕ್ಕಿಕೊಂಡಿದ್ದಾರೆ. ಹೊರಗೆ ಶವಗಳ ಮುತ್ತಿಗೆ, ಒಳಗೆ ಮನುಷ್ಯರ ಜಗಳ. ಯಾವುದು ಹೆಚ್ಚು ಭಯಂಕರವೆಂದು ಹೇಳುವುದು ಕಷ್ಟ.

ವಿತರಕರು ಚಿತ್ರದ ಮೊದಲ ಹೆಸರನ್ನು ಬದಲಿಸಿದಾಗ, ಶೀರ್ಷಿಕೆಯ ಜೊತೆಯಲ್ಲಿದ್ದ ಹಕ್ಕುಸ್ವಾಮ್ಯದ ಸೂಚನೆಯೂ ಬಿಟ್ಟುಹೋಯಿತು. ಅಂದಿನ ಅಮೆರಿಕದ ಕಾನೂನಿನ ಪ್ರಕಾರ, ಸೂಚನೆಯಿಲ್ಲದೆ ಹೊರಬಂದ ಕೃತಿ ಸಾರ್ವಜನಿಕರ ಸ್ವತ್ತು. ಹೀಗಾಗಿ ಪ್ರತಿ ಸಿಕ್ಕವರೆಲ್ಲ ಅದನ್ನು ಅಚ್ಚು ಹಾಕಿ ಮಾರಿದರು. ಕ್ಯಾಸೆಟ್ಟಾಯಿತು, ಡಿವಿಡಿಯಾಯಿತು, ಈಗ ಬ್ಲೂ-ರೇ. ಅಂಥದೊಂದು ಅಗ್ಗದ ಮರುಬಿಡುಗಡೆಯನ್ನು ನನ್ನ ಸೋದರಳಿಯ ಪ್ರೀತಿಯಿಂದ ತಂದುಕೊಟ್ಟ. ತಯಾರಿಸಿದವರ ಹೆಸರು ಇಲ್ಲಿ ಬೇಡ.

ಹೊದಿಕೆ ಬಹು ಚೆಲುವಾಗಿತ್ತು. ತಟ್ಟೆಯನ್ನು ಯಂತ್ರಕ್ಕೆ ಹಾಕಿದ ಮೇಲೆ ಕಂಡದ್ದೇನು? ಮೂಲಚಿತ್ರದ ಚೌಕಟ್ಟು ಹೆಚ್ಚುಕಡಮೆ ಚೌಕ. ಅದನ್ನು ಇಂದಿನ ಅಗಲ ಪರದೆಗೆ ಹಿಗ್ಗಿಸುವ ಹಟದಲ್ಲಿ ಪಾತ್ರಗಳ ನೆತ್ತಿ ಕತ್ತರಿಸಿಹೋಗಿದೆ. ಫಿಲ್ಮಿನ ಸಹಜವಾದ ಕಣಗಳನ್ನು ಕೊಳೆಯೆಂದು ತಿಳಿದು ಯಂತ್ರದಿಂದ ಉಜ್ಜಿ ಒರೆಸಿದ್ದಾರೆ. ಮುಖಗಳು ಮೇಣದ ಗೊಂಬೆಗಳಂತಾಗಿವೆ. ನಾಯಕ ಬೆನ್ ಕಿಟಕಿ ಬಾಗಿಲುಗಳಿಗೆ ಹಲಗೆ ಜಡಿಯುವ ದೀರ್ಘವಾದ ಭಾಗವಿದೆಯಲ್ಲ, ಅಲ್ಲಿ ಹಲಗೆ ಯಾವುದು, ಗೋಡೆ ಯಾವುದು, ಕತ್ತಲೆ ಯಾವುದು ಎಂದು ತಿಳಿಯುವುದೇ ಇಲ್ಲ. ಅಡಿಬರಹಗಳಂತೂ ಇಲ್ಲವೇ ಇಲ್ಲ. ಕಿವಿ ಮಂದವಾಗುತ್ತಿರುವ ನನ್ನಂಥವನಿಗೆ ಅದು ಸಣ್ಣ ಕೊರತೆಯಲ್ಲ.

ಇದನ್ನು ನೋಡುತ್ತ ನನಗೆ ನೆನಪಾದದ್ದು ನಮ್ಮ ಓಲೆಗರಿಗಳು. ಲಿಪಿಕಾರ ತನಗೆ ತಿಳಿಯದ ಹಳೆಯ ರೂಪವನ್ನು ತಪ್ಪೆಂದು ಬಗೆದು ‘ತಿದ್ದಿ’ಬಿಡುತ್ತಾನೆ. ಹುಳು ತಿಂದದ್ದನ್ನು ಊಹಿಸಬಹುದು. ಜಾಣ ತಿದ್ದಿದ್ದನ್ನು ಹಿಡಿಯುವುದು ಕಷ್ಟ.

ಶುದ್ಧಪ್ರತಿಯೂ ಇದೆ. ನ್ಯೂಯಾರ್ಕಿನ ಆಧುನಿಕ ಕಲೆಯ ವಸ್ತುಸಂಗ್ರಹಾಲಯವೂ ಫಿಲ್ಮ್ ಫೌಂಡೇಷನ್ ಸಂಸ್ಥೆಯೂ ಸೇರಿ, ಮೂಲ ನೆಗೆಟಿವನ್ನೇ ಆಧಾರವಾಗಿಟ್ಟುಕೊಂಡು 2016ರಲ್ಲಿ ಚಿತ್ರವನ್ನು ಜೀರ್ಣೋದ್ಧಾರ ಮಾಡಿದವು. 2018ರಲ್ಲಿ ಕ್ರೈಟೀರಿಯನ್ ಸಂಸ್ಥೆ ಅದನ್ನು ಬ್ಲೂ-ರೇಯಾಗಿ ಹೊರತಂದಿತು. ಬೆಲೆ ಹಲವು ಪಟ್ಟು. ಹೊಟ್ಟೆ ಉರಿಸಿಕೊಂಡೇ ಅದನ್ನೂ ತರಿಸಿದೆ. ಎರಡನ್ನೂ ಒಂದರ ಹಿಂದೊಂದು ನೋಡಿದಾಗಲೇ ಈ ಚಿತ್ರದ ಮುಕ್ತಾಯದ ಅರ್ಥ ನನಗೆ ಹೊಳೆದದ್ದು.

ಬೆನ್ ಕರಿಯ. ಆ ಪಾತ್ರದ ಡ್ಯುಯೇನ್ ಜೋನ್ಸ್ ಮುಂದೆ ಸಾಹಿತ್ಯದ ಅಧ್ಯಾಪಕರೂ ಆಗಿದ್ದರೆಂಬುದು ನನಗೆ ಹೆಮ್ಮೆಯ ಸಂಗತಿ. ರಾತ್ರಿಯೆಲ್ಲ ಹೋರಾಡಿ ಉಳಿದವನು ಅವನೊಬ್ಬನೇ. ಬೆಳಗಾಗುತ್ತದೆ, ರಕ್ಷಿಸಲು ಬಂದ ಬಂದೂಕಿನ ಬಿಳಿಯರ ಗುಂಪು, ಅವನನ್ನೂ ಹೆಣವೆಂದೆಣಿಸಿ ಗುಂಡಿಕ್ಕುತ್ತದೆ. ಅಲ್ಲಿಂದ ಮುಂದೆ ಚಿತ್ರ ಬಹುಮಟ್ಟಿಗೆ ಚಲಿಸುವುದಿಲ್ಲ. ಒರಟು ಕಣಗಳ, ಪತ್ರಿಕೆಯಲ್ಲಿ ಅಚ್ಚಾದಂಥ ಸ್ಥಿರಚಿತ್ರಗಳು ಒಂದೊಂದಾಗಿ ಬರುತ್ತವೆ: ಕೈಯಲ್ಲಿ ಕೊಕ್ಕೆ ಹಿಡಿದವರು, ನೆಲದ ಮೇಲೆ ದೇಹ, ಸೌದೆಯ ರಾಶಿ. ಮುಗಿದ ಚಿತ್ರವನ್ನು ಕಾರಿನಲ್ಲಿಟ್ಟುಕೊಂಡು ನ್ಯೂಯಾರ್ಕಿಗೆ ಹೋಗುತ್ತಿದ್ದಾಗ, ಮಾರ್ಟಿನ್ ಲೂಥರ್ ಕಿಂಗರ ಹತ್ಯೆಯ ವಾರ್ತೆಯನ್ನು ರೇಡಿಯೋದಲ್ಲಿ ಕೇಳಿದೆವೆಂದು ರೊಮೆರೊ ಮುಂದೆ ಹೇಳುತ್ತಿದ್ದರು. ಆ ಸ್ಥಿರಚಿತ್ರಗಳನ್ನು ನೋಡುವಾಗ ಆ ಏಪ್ರಿಲ್ 4ನ್ನು ಮರೆಯಲಾಗದು.

ಶುದ್ಧಪ್ರತಿಯಲ್ಲಿ ಅಲ್ಲಿಯವರೆಗಿನ ಚಿತ್ರ ನಿಚ್ಚಳವಾಗಿರುವುದರಿಂದಲೇ ಆ ಒರಟುತನ ಎದೆಗೆ ಬಂದು ಬಡಿಯುತ್ತದೆ: ಕ್ಷಣದ ಹಿಂದೆ ಉಸಿರಾಡುತ್ತಿದ್ದವನು ಈಗ ಬರಿಯ ಸುದ್ದಿಚಿತ್ರ. ಅಗ್ಗದ ತಟ್ಟೆಯಲ್ಲಿ ಮೊದಲಿನದೂ ಮಬ್ಬು, ಕೊನೆಯದೂ ಮಬ್ಬು. ಕವಿ ಛಂದಸ್ಸನ್ನು ಬದಲಿಸಿದ ಎಡೆಯೇ ಪ್ರತಿಯಲ್ಲಿ ಮಾಯವಾದಂತೆ.

ಆದರೂ ಆ ಅಗ್ಗದ ಪ್ರತಿಗಳನ್ನು ಹೀಗಳೆಯಲು ಬಾಯಿ ಬರುವುದಿಲ್ಲ. ನಡುರಾತ್ರಿಯ ಪ್ರದರ್ಶನಗಳಲ್ಲಿ, ದೂರದರ್ಶನ ಕೇಂದ್ರಗಳಲ್ಲಿ, ಸವೆದ ಕ್ಯಾಸೆಟ್ಟುಗಳಲ್ಲಿ ಈ ಚಿತ್ರವನ್ನು ಮೂರು ದಶಕ ಬದುಕಿಸಿದವರು ಅವರೇ. 1999ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಇದನ್ನು ರಾಷ್ಟ್ರೀಯ ಚಿತ್ರಸೂಚಿಗೆ ಸೇರಿಸುವ ಹೊತ್ತಿಗೆ, ಜನ ಅದನ್ನು ಎಂದೋ ಸೇರಿಸಿಕೊಂಡಾಗಿತ್ತು. ಮಾಡಿದವರಿಗೆ ಮಾತ್ರ ನ್ಯಾಯವಾಗಿ ಬರಬೇಕಾಗಿದ್ದ ಹಣದ ಬಹುಭಾಗ ಬರಲಿಲ್ಲ.

ಕತೆಯನ್ನಷ್ಟೇ ತಿಳಿಯಬೇಕೆನ್ನುವವರಿಗೆ ನಾನು ಹೇಳಿದ ಆ ತಟ್ಟೆ ಸಾಲದೆ ಇಲ್ಲ. ಎರಡನೆಯ ಸಲ ನೋಡುವ ಮನಸ್ಸಿದ್ದವರು ಆ ದುಡ್ಡನ್ನು ಉಳಿಸಿ, ಒಂದೆರಡು ತಿಂಗಳು ಕಾದು, ಶುದ್ಧಪ್ರತಿಯನ್ನೇ ಕೊಳ್ಳಲಿ. ನನ್ನ ಸೋದರಳಿಯನಿಗೆ ಇದನ್ನಿನ್ನೂ ಹೇಳಿಲ್ಲ. ಈ ಭಾಷಣವನ್ನು ಅವನು ಕೇಳುತ್ತಿದ್ದರೆ, ಮನ್ನಿಸಲಿ.