ಔಷಧಿಗೆ ಬಗ್ಗದ ಸೊಳ್ಳೆ ಮತ್ತು ನಮ್ಮ ಗದ್ದೆ
(ಮೈಸೂರಿನಲ್ಲಿ ಭತ್ತದ ಬೆಳೆಗಾರರಿಗೆ ನೀಡಿದ ಭಾಷಣದ ಸಾರಾಂಶ)



ಬೇಸಾಯಶಾಸ್ತ್ರದವನಿಗೆ ಸೊಳ್ಳೆಯ ಗೊಡವೆ ಏಕೆಂದು ನೀವು ಕೇಳಬಹುದು. ಮಲೇರಿಯಾ ಹರಡುವ ಅನಾಫಿಲಿಸ್ ಸೊಳ್ಳೆಯೂ ಮಿದುಳುಜ್ವರ ಹರಡುವ ಕ್ಯೂಲೆಕ್ಸ್ ಸೊಳ್ಳೆಯೂ ನಮ್ಮ ಗದ್ದೆ, ಕಾಲುವೆಗಳ ನೀರಿನಲ್ಲಿಯೇ ಮರಿ ಮಾಡುತ್ತವೆ. ನಾವು ಬೆಳೆಗೆ ಸಿಂಪಡಿಸುವ ಔಷಧಿ ಆ ಮರಿಗಳಿಗೂ ತಗಲುತ್ತದೆ. ತಾಳಿಕೊಂಡು ಉಳಿದವುಗಳಿಂದಲೇ ಮುಂದಿನ ಸಂತತಿ.

ಇದನ್ನು ಪ್ರಯೋಗಾಲಯದಲ್ಲಿ ಅಳೆಯುವ ವಿಧಾನ ಸರಳ. ಔಷಧಿ ಲೇಪಿಸಿದ ಕಾಗದವಿರುವ ಕೊಳವೆಯಲ್ಲಿ ಸುಮಾರು 25 ಹೆಣ್ಣು ಸೊಳ್ಳೆಗಳನ್ನು 1 ಗಂಟೆ ಬಿಡುತ್ತಾರೆ. 24 ಗಂಟೆಗಳ ನಂತರ ಸತ್ತವನ್ನು ಎಣಿಸುತ್ತಾರೆ. ಔಷಧಿಯಿಲ್ಲದ ಕೊಳವೆಯೊಂದು ಹೋಲಿಕೆಗಿರುತ್ತದೆ. ನೂರಕ್ಕೆ 98 ಸತ್ತರೆ ಔಷಧಿ ನಾಟುತ್ತದೆ. 90ಕ್ಕಿಂತ ಕಡಿಮೆಯಾದರೆ ಸೊಳ್ಳೆ ನಿರೋಧಕ ಶಕ್ತಿ ಪಡೆದಿದೆ ಎಂದರ್ಥ. ಡಿ.ಡಿ.ಟಿ., ಮ್ಯಾಲಥಿಯಾನ್ ಹಲವೆಡೆ ಹೀಗೆಯೇ ಸೋತವು.

ಈಗ ಸೊಳ್ಳೆಗೆ ಹೊಸದಾಗಿ ಬಂದಿರುವುದು ಕ್ಲೋಥಿಯಾನಿಡಿನ್, ಕ್ಲೋರ್‌ಫೆನಪಿರ್. ನಿಧಾನವಾಗಿ ಕೊಲ್ಲುವ ಕ್ಲೋರ್‌ಫೆನಪಿರ್ ಪರೀಕ್ಷೆಯಲ್ಲಿ 72 ಗಂಟೆ ಕಾಯಬೇಕು. ಆದರೆ ಎರಡೂ ಮೊದಲು ಹೊಲದಲ್ಲಿ ಬಳಕೆಗೆ ಬಂದವು. ಕ್ಲೋಥಿಯಾನಿಡಿನ್ ಗುಂಪಿನ ಇಮಿಡಾಕ್ಲೋಪ್ರಿಡ್, ಥಯಾಮೆಥಾಕ್ಸಾಮ್‌ಗಳನ್ನು ಕಂದು ಜಿಗಿಹುಳುವಿಗೆ ನಾವು ಬಳಸುತ್ತಲೇ ಇದ್ದೇವೆ. ವೈದ್ಯರ ಕೈಯ ಹೊಸ ಆಯುಧ ಗದ್ದೆಯಲ್ಲೇ ಮೊಂಡಾಗಬಾರದು.

ಆದ್ದರಿಂದ:

1. ಜಿಗಿಹುಳು ಬುಡವೊಂದಕ್ಕೆ ಹತ್ತರಷ್ಟಾಗುವ ಮೊದಲು ಸಿಂಪಡಿಸಬೇಡಿ.

2. ಒಂದೇ ಗುಂಪಿನ ಔಷಧಿಯನ್ನು ಮತ್ತೆ ಮತ್ತೆ ಬಳಸಬೇಡಿ.

3. ಸಿಂಪರಣಾ ಯಂತ್ರವನ್ನು ಕಾಲುವೆಯಲ್ಲಿ ತೊಳೆಯಬೇಡಿ.

4. ಗದ್ದೆಯನ್ನು ಆಗಾಗ ಬಸಿದು ಆರಿಸಿ. ತೆನೆ ಹೊರಡುವಾಗ ಮಾತ್ರ ನೀರಿರಲಿ. ಸೊಳ್ಳೆಮರಿಗೆ ರೆಕ್ಕೆ ಬರಲು ಸುಮಾರು ಒಂದು ವಾರ ನೀರು ಬೇಕು. ಜಿಗಿಹುಳುವೂ ತಗ್ಗುತ್ತದೆ, ನೀರೂ ಉಳಿಯುತ್ತದೆ.

ನೀರು ಬಸಿಯುವುದಕ್ಕೆ ಯಾವ ಸೊಳ್ಳೆಯೂ ನಿರೋಧಕ ಶಕ್ತಿ ಬೆಳೆಸಿಕೊಳ್ಳಲಾರದು.